ಗೋಡೆ ನಮ್ಮದು, ಮುಖ ಯಾರದು?

ಮಂಡ್ಯ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದು ತೂತಿನ ತಗಡು ಇರುತ್ತೆ. ಜಾತ್ರೆಯಲ್ಲೋ ಸಂತೆಯಲ್ಲೋ ಕೊಂಡದ್ದು. ಹೊಸ್ತಿಲ ಮುಂದೆ ಇಟ್ಟು, ಮೇಲೆ ರಂಗೋಲಿ ಪುಡಿ ಸವರಿ ಎತ್ತಿದರೆ ಕಮಲ ಮೂಡುತ್ತೆ, ನವಿಲು ಮೂಡುತ್ತೆ. ಆ ನವಿಲನ್ನು ಮೊದಲು ಬರೆದವನು ಯಾರು ಅಂತ ಯಾರೂ ಕೇಳೋದಿಲ್ಲ. ಅವನೂ ಬಂದು ಲೆಕ್ಕ ಕೇಳೋದಿಲ್ಲ.

ಈ ತಗಡಿನ ದಾಯಾದಿಯೇ ಪೇಟೆ ಹುಡುಗರ ಸ್ಟೆನ್ಸಿಲ್. ಲಾರಿ ಹಿಂದಿನ ಬರಹ, ಗೋಣಿಚೀಲದ ಗುರುತು, ಚುನಾವಣೆ ಬಂದಾಗ ಗೋಡೆ ತುಂಬಾ ಪಕ್ಷದ ಚಿಹ್ನೆ, ಎಲ್ಲಾ ಇದರ ಕೆಲಸವೇ. ಖರ್ಚು ಕಡಿಮೆ, ಕೆಲಸ ಬೇಗ. ಫೋನಿನಲ್ಲಿ ಒಂದು ಫೋಟೋ ಹಿಡಿದು ಕಪ್ಪು, ಬಿಳುಪು ಎರಡೇ ಬಣ್ಣಕ್ಕೆ ಇಳಿಸೋದು. ಅದನ್ನು ರಟ್ಟಿನ ಮೇಲೋ ಹಳೇ ಎಕ್ಸ್‌ರೇ ಹಾಳೆ ಮೇಲೋ ಮೂಡಿಸಿ, ಕಪ್ಪು ಇರುವ ಕಡೆಯೆಲ್ಲಾ ಬ್ಲೇಡಿನಲ್ಲಿ ಕೊರೆಯೋದು. ಗೋಡೆಗೆ ಒತ್ತಿ ಹಿಡಿದು ಬಣ್ಣ ಹೊಡೆದರೆ ಆಯ್ತು.

ಕನ್ನಡ ಕೊರೆಯೋರಿಗೆ ಮಾತ್ರ ಒಂದು ಪೇಚಾಟ ಉಂಟು. ‘ಮಂಡ್ಯ’ ಅಂತ ಕೊರೆಯೋಕೆ ಹೋಗಿ ನೋಡಿ. ಸೊನ್ನೆಯ ಸುತ್ತ ಬ್ಲೇಡು ಆಡಿಸಿದರೆ ನಡುವಿನ ಬಿಲ್ಲೆ ಉದುರಿ ಬೀಳುತ್ತೆ. ಗೋಡೆ ಮೇಲೆ ಸೊನ್ನೆ ಹೋಗಿ ಬರೀ ಬೊಟ್ಟು ಬರುತ್ತೆ. ‘ಮಳವಳ್ಳಿ’ಯ ವಕಾರದ ಹೊಟ್ಟೆಗೂ ಇದೇ ಗತಿ. ಬಿಲ್ಲೆಯನ್ನು ಹೊರಗಿನ ಹಾಳೆಗೆ ಹಿಡಿದಿಡುವ ಒಂದು ಎಳೆ ಬಿಡಬೇಕು. ಕೈ ಪಳಗೋಕೆ ನಾಲ್ಕು ಹಾಳೆ ಹಾಳಾಗಬೇಕು, ಅಷ್ಟೇ.

ಕೊರೆಯೋದನ್ನು ಕಲಿಯಬಹುದು. ಆದರೆ ಕೊರೆಯೋಕೆ ಬೇಕಾದ ಚಿತ್ರ ಎಲ್ಲಿಂದ ತರೋದು? ಪ್ರಶ್ನೆ ಇರೋದು ಇಲ್ಲಿ.

ಆಲೆಮನೆಯ ಕಳಂಕ

2023ರ ನವೆಂಬರ್‌ನಲ್ಲಿ ಜಿಲ್ಲೆ ತಲೆ ತಗ್ಗಿಸುವ ಸುದ್ದಿ ಬಂತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆ ಜಾಲವೊಂದನ್ನು ಬಯಲಿಗೆಳೆದರು. ಮಂಡ್ಯ ಬಳಿಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಗರ್ಭಿಣಿಯರ ಹೊಟ್ಟೆಯೊಳಗಿರೋದು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದರು ಎಂಬುದು ಆರೋಪ. ಬೆಲ್ಲ ಕಾಯಿಸುವ ಜಾಗದಲ್ಲಿ ಇಂಥ ವಿಷದ ವ್ಯಾಪಾರ! ಇದನ್ನು ತಡೆಯೋ ಕಾಯ್ದೆ 1994ರಲ್ಲೇ ಬಂದಿತ್ತು. ಕಾಯ್ದೆ ಪುಸ್ತಕದಲ್ಲೇ ಉಳೀತು.

ಇಂಥಾ ಹೊತ್ತಲ್ಲಿ ಗೋಡೆ ಮೇಲೆ ಒಂದು ಮಾತು ಬರೆಯೋಣ ಅಂತ ಹುಡುಗರಿಗೆ ಅನ್ನಿಸಿದರೆ ಅದು ಒಳ್ಳೇದೇ. ಆದರೆ ಆಮೇಲೆ ಆಗೋದೇನು? ಫೋನಿನಲ್ಲಿ ‘ಹೆಣ್ಣು ಮಗು’ ಅಂತ ಹುಡುಕಿ, ಮುದ್ದಾಗಿ ಕಂಡ ಒಂದು ಮುಖ ಎತ್ತಿ, ಕೊರೆದು, ‘ನನ್ನನ್ನು ಕೊಲ್ಲಬೇಡಿ’ ಅಂತ ಕೆಳಗೆ ಬರೆಯೋದು ಸುಲಭ. ಆ ಮುಖ ಯಾರದು ಸ್ವಾಮಿ? ಎಲ್ಲೋ ಒಂದು ಮನೆಯಲ್ಲಿ ಹುಟ್ಟಿ, ಅಪ್ಪ ಅಮ್ಮ ಆಸೆಯಿಂದ ಸಾಕುತ್ತಿರುವ ಮಗುವಿನದು. ನಾಳೆ ಆ ತಾಯಿ ಇದೇ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ? ಬೇಕು ಅಂತ ಹೆತ್ತ ಮಗಳ ಮುಖ, ಬೇಡ ಅನ್ನಿಸಿಕೊಂಡವಳ ಮುಖವಾಗಿ ಗೋಡೆ ಮೇಲಿದೆ. ಹೆಣ್ಣಿನ ಮಾನ ಉಳಿಸೋಕೆ ಹೊರಟವರು ಒಬ್ಬ ಹೆಣ್ಣುಮಗುವನ್ನೇ ಕೇಳದೆ ಬಳಸಿಕೊಂಡ ಹಾಗಾಯ್ತು.

‘ಒಳ್ಳೆ ಕೆಲಸಕ್ಕೆ ತಾನೆ?’ ಅನ್ನೋರುಂಟು. ದೇವರ ಪೂಜೆಗೇ ಆದರೂ ಪಕ್ಕದ ಮನೆ ಹೂವನ್ನು ಕೇಳಿಯೇ ಕೊಯ್ಯಬೇಕು.

ಮೂರು ಊರು, ಮೂರು ಲೆಕ್ಕ

ಹಾಗಾದರೆ ಯಾವುದನ್ನೂ ಮುಟ್ಟಬಾರದೇ? ಹಾಗೇನಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಅಂತ ಒಂದಿದೆ. ಕಲಾವಿದ ಬರೆದ ಚಿತ್ರದ ಹಕ್ಕು ಅವನು ಬದುಕಿರುವ ತನಕ, ಸತ್ತ ಮೇಲೂ 60 ವರ್ಷ. ಫೋಟೋಗೂ ಈಗ ಇದೇ ಲೆಕ್ಕ, ತೆಗೆದವನು ಬದುಕಿರುವ ತನಕ, ಸತ್ತ ಮೇಲೂ 60 ವರ್ಷ. ನೋಂದಣಿ ಮಾಡಿಸಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗೋದಿಲ್ಲ. ಅದೇ ಕಾಯ್ದೆ ಕೆಲವು ಬಾಗಿಲನ್ನೂ ತೆರೆದಿಟ್ಟಿದೆ.

ಮಂಡ್ಯವನ್ನೇ ತೆಗೆದುಕೊಳ್ಳಿ. ಕಾವೇರಿ ಗಲಾಟೆ ಎದ್ದಾಗಲೆಲ್ಲಾ ಜನ ಸೇರೋದು ಸರ್ ಎಂ.ವಿ. ಪ್ರತಿಮೆ ಹತ್ತಿರ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಂತ ಪ್ರತಿಮೆಯ ಚಿತ್ರ ಬರೆಯೋಕೆ ಕಾಯ್ದೆಯ ಅಡ್ಡಿ ಇಲ್ಲ. ಎದುರು ನಿಂತು ನೀವೇ ಬರೆದುಕೊಳ್ಳಿ, ಕೊರೆಯಿರಿ.

ಮದ್ದೂರಿಗೆ ಬಂದರೆ ಶಿವಪುರ. 1938ರ ಏಪ್ರಿಲ್‌ನಲ್ಲಿ ಸರ್ಕಾರದ ನಿಷೇಧ ಮುರಿದು ಧ್ವಜ ಹಾರಿಸಿದ ಜಾಗ. ಒಂದು ಚಿತ್ರ ಒಂದು ಸಂದೇಶ ಆಗೋದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಧ್ವಜ ಎಲ್ಲರದು. ಆದರೆ ಎಲ್ಲರದು ಅಂದ ಮಾತ್ರಕ್ಕೆ ಅದರ ಮೇಲೆ ಏನು ಬೇಕಾದರೂ ಗೀಚುವಂತಿಲ್ಲ. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯೋ 1971ರ ಕಾಯ್ದೆ ಪ್ರಕಾರ ರಾಷ್ಟ್ರಧ್ವಜದ ಮೇಲೆ ಅಕ್ಷರ ಬರೆಯೋದು ತಪ್ಪು, ಅದು ಎಷ್ಟೇ ಒಳ್ಳೆ ಘೋಷಣೆಯಾಗಿರಲಿ.

ಮಳವಳ್ಳಿ ಕಡೆ ಗಗನಚುಕ್ಕಿ. ಜಲಪಾತ ಯಾರಪ್ಪನ ಆಸ್ತಿಯೂ ಅಲ್ಲ. ‘ಕಾವೇರಿ ಉಳಿಸಿ’ ಅಂತ ಅದರ ಚಿತ್ರ ಬರೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಮಳೆಗಾಲದಲ್ಲಿ ನೆನೆದುಕೊಂಡು ನಿಂತು ಯಾರೋ ತೆಗೆದ ಫೋಟೋ ಇದೆಯಲ್ಲ, ಅದು ತೆಗೆದವನದು. ನೀರು ಊರಿಗೆಲ್ಲಾ ಸೇರಿದ್ದು, ಫೋಟೋ ಒಬ್ಬನದು. ಈ ಫರಕು ತಿಳಿದರೆ ಅರ್ಧ ಜಗಳ ಮುಗೀತು.

ಕೇಳಿದವರು ಎಷ್ಟು ಜನ?

ಕೇಳದೆ ಎತ್ತೋ ಚಾಳಿ ನಮ್ಮ ಜಿಲ್ಲೆಯದು ಮಾತ್ರ ಅಲ್ಲ. ಕೇಸರಿ, ಕಪ್ಪು ಬಣ್ಣದ ಹನುಮಂತನ ಮುಖ ನೋಡದ ಕಣ್ಣುಂಟೇ? ಕಾರಿನ ಹಿಂದೆ, ಬೈಕಿನ ಮುಂದೆ, ಎಲ್ಲೆಲ್ಲೂ ಅದೇ. ಬರೆದವರು ಕಾಸರಗೋಡಿನ ಕರಣ್ ಆಚಾರ್ಯ. 2015ರಲ್ಲಿ ಗಣೇಶನ ಹಬ್ಬದ ಬಾವುಟಕ್ಕೆ ಅಂತ ಊರಿನ ಗೆಳೆಯರು ಕೇಳಿದರು, ಇವರು ಬರೆದುಕೊಟ್ಟರು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯೇ ಹೆಸರು ಹಿಡಿದು ಹೊಗಳಿದರು. ಅಷ್ಟು ಹೊತ್ತಿಗೆ ಜನ ಅದಕ್ಕೆ ಸಿಟ್ಟಿನ ಹನುಮ ಅಂತ ಹೆಸರಿಟ್ಟಾಗಿತ್ತು. ತಾನು ಬರೆದದ್ದು ಸಿಟ್ಟಲ್ಲ, ಗತ್ತು ಅಂತ ಬರೆದವರು ಹೇಳುತ್ತಲೇ ಇದ್ದರು. ಅಂಟಿಸಿದ ಇಷ್ಟೊಂದು ಜನರಲ್ಲಿ ಅವರನ್ನು ಕೇಳಿ ಅಂಟಿಸಿದವರು ಎಷ್ಟು ಮಂದಿ? ಚಿತ್ರದ ಜೊತೆಗೆ ಅದರ ಅರ್ಥವನ್ನೂ ಜನ ಎತ್ತಿಕೊಂಡು ಹೋದರು.

ಅಮೆರಿಕದಲ್ಲಿ ಕಥೆ ಕೋರ್ಟಿಗೇ ಹೋಯ್ತು. 2008ರ ಚುನಾವಣೆಯಲ್ಲಿ ಒಬಾಮನ ಮುಖದ ಕೆಂಪು ನೀಲಿ ಪೋಸ್ಟರು ಮಾಡಿದ ಶೆಪರ್ಡ್ ಫೇರಿ ಸ್ಟೆನ್ಸಿಲ್ ಕೆಲಸದಲ್ಲಿ ಪಳಗಿದ ಕೈ. ಮೂಲ ಫೋಟೋ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ತೆಗೆದದ್ದು. 2011ರಲ್ಲಿ ಇಬ್ಬರಿಗೂ ರಾಜಿಯಾಯ್ತು. ಆದರೆ 2012ರಲ್ಲಿ ಫೇರಿಗೆ 25,000 ಡಾಲರ್ ದಂಡ ಬಿತ್ತು. ಚಿತ್ರ ಎತ್ತಿದ್ದಕ್ಕಲ್ಲ, ಎಲ್ಲಿಂದ ಎತ್ತಿದ್ದು ಅನ್ನೋದನ್ನು ಮುಚ್ಚಿಡೋಕೆ ಸಾಕ್ಷ್ಯ ನಾಶ ಮಾಡಿದ್ದಕ್ಕೆ. ಸಾಲಕ್ಕಿಂತ ಸುಳ್ಳು ದುಬಾರಿಯಾಯ್ತು.

ಎಲ್ಲರೂ ಎತ್ತಿಕೊಳ್ಳಲಿ ಅಂತಲೇ ಹುಟ್ಟಿದ ಚಿತ್ರಗಳೂ ಇವೆ. ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನ ನೆನಪಿದೆಯೇ? 1960ರ ದಶಕದಲ್ಲಿ ಬಂದದ್ದು. ಅದರಲ್ಲಿ ಕಣ್ಣಿಲ್ಲ, ಮೂಗಿಲ್ಲ, ಯಾರ ಮನೆ ಮಗುವೂ ಇಲ್ಲ. ಅದಕ್ಕೇ ಹಳ್ಳಿ ಹಳ್ಳಿಯ ಗೋಡೆ ಹತ್ತಿತು. ಅಕ್ಷರ ಬಾರದವರಿಗೂ ಅರ್ಥವಾಯ್ತು.

ಆದ್ದರಿಂದ ಬ್ಲೇಡು ಹಿಡಿಯೋ ಹುಡುಗರು ನಾಲ್ಕು ಮಾತು ನೆನಪಿಟ್ಟರೆ ಸಾಕು. ಗೋಡೆ ಯಾರದೋ ಅವರನ್ನು ಕೇಳಿ. ಕಂಡ ಕಂಡ ಕಡೆ ಬಳಿದು ಊರು ಕೆಡಿಸುವುದನ್ನು ತಡೆಯೋಕೆ ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ. ಚಿತ್ರ ಬೇರೆಯವರದ್ದಾದರೆ ಅವರನ್ನು ಕೇಳಿ. ಒಪ್ಪಿದರೆ ಹೆಸರು ಹಾಕಿ. ಒಪ್ಪದಿದ್ದರೆ ಬಿಟ್ಟುಬಿಡಿ. ಮಕ್ಕಳ ಮುಖ ಮಾತ್ರ ಬೇಡವೇ ಬೇಡ. ತಮ್ಮ ಮುಖ ಯಾವ ಮಾತಿಗೆ ಬಳಕೆಯಾಗುತ್ತೆ ಅನ್ನೋದು ಆ ಮಕ್ಕಳಿಗೆ ಗೊತ್ತಾಗೋದಿಲ್ಲ.

ಮುಖ ಇಲ್ಲದೆ ಹೇಳೋದು ಹೇಗೆ ಅಂತೀರಾ? ಮನೆಯ ರಂಗೋಲಿ ತಗಡುಗಳ ನಡುವೆ ಹುಡುಕಿ. ಪುಟ್ಟ ಹೆಜ್ಜೆಯ ತಗಡೊಂದು ಸಿಕ್ಕೀತು. ಗೋಕುಲಾಷ್ಟಮಿಯ ದಿನ ಬಾಗಿಲಿನಿಂದ ಒಳಕ್ಕೆ ಬರುವ ಹೆಜ್ಜೆಗಳು ಅವು. ಆ ಹೆಜ್ಜೆ ಯಾರಪ್ಪನ ಸ್ವತ್ತೂ ಅಲ್ಲ. ಅಂಥದೇ ಒಂದು ಜೋಡಿ ನೀವೇ ಬರೆದು ಕೊರೆಯಿರಿ. ಹೆಜ್ಜೆ ಮೇಲೆ ಹೆಜ್ಜೆ ಒತ್ತಿಕೊಂಡು ಹೋಗಿ, ಮನೆ ಬಾಗಿಲು ಇನ್ನೂ ನಾಲ್ಕು ಮಾರು ಇರುವಾಗಲೇ ನಿಲ್ಲಿಸಿಬಿಡಿ.

ಯಾಕೆ ನಿಂತಿತು ಅಂತ ಊರೋರೇ ಕೇಳ್ತಾರೆ.