ಅಸಲು ಕರಗಿತು, ಪಡಿಯಚ್ಚು ಉಳಿಯಿತು

ನಕಲಿ ನಾಣ್ಯವೆಂದೊಡನೆ ನಮಗೆ ಪೊಲೀಸರೂ ಸೆರೆಮನೆಯೂ ನೆನಪಾಗುವುದು ಸಹಜ. ಆದರೆ ಯಾರನ್ನೂ ವಂಚಿಸದೆ ಇತಿಹಾಸಕ್ಕೆ ಸೇವೆ ಸಲ್ಲಿಸುವ ನಕಲೂ ಉಂಟು. ಅದರ ಬೆಲೆಯನ್ನರಿಯಲು ಫ್ರಾಂಕ್ ಜನಾಂಗದ ದೊರೆಯೊಬ್ಬನ ಸಮಾಧಿಯ ಕಥೆಯನ್ನು ಕೇಳಬೇಕು.

1653ನೆಯ ಇಸವಿ. ಇಂದಿನ ಬೆಲ್ಜಿಯಂ ದೇಶದ ಟೂರ್ನೆ ಪಟ್ಟಣದಲ್ಲಿ ಕಿವುಡನೂ ಮೂಗನೂ ಆದ ಕೆಲಸಗಾರನೊಬ್ಬ ಚರ್ಚಿನ ಬಳಿ ನೆಲವನ್ನು ಅಗೆಯುತ್ತಿದ್ದ. ಥಟ್ಟನೆ ಚಿನ್ನದ ನಾಣ್ಯಗಳು ಹೊರಬಿದ್ದವು! ಜೊತೆಗೆ ಖಡ್ಗ, ನೂರಾರು ಚಿನ್ನದ ಜೇನುನೊಣಗಳು, ಒಂದು ಮುದ್ರೆಯುಂಗುರ. ಉಂಗುರದ ಮೇಲೆ ‘ಚಿಲ್ಡೆರಿಕ್ ದೊರೆಯದು’ ಎಂಬರ್ಥದ ಲ್ಯಾಟಿನ್ ಬರಹವಿತ್ತು. ಸುಮಾರು 481ರಲ್ಲಿ ಮಡಿದ ಈತನೇ ಸುಪ್ರಸಿದ್ಧ ಕ್ಲೋವಿಸನ ತಂದೆ. ಷಿಫ್ಲೆ ಎಂಬ ಆಸ್ಥಾನ ವೈದ್ಯನು ಈ ನಿಧಿಯ ಚಿತ್ರಗಳನ್ನು ಕೆತ್ತಿಸಿ 1655ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. 1665ರಲ್ಲಿ ನಿಧಿಯು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಸಂದಿತು.

1831ರ ನವೆಂಬರಿನ ಒಂದು ರಾತ್ರಿ ಪ್ಯಾರಿಸ್ಸಿನ ರಾಜಗ್ರಂಥಾಲಯಕ್ಕೆ ಕಳ್ಳರು ನುಗ್ಗಿದರು. ಸಿಕ್ಕ ಚಿನ್ನದ ಬಹುಭಾಗ ಮೂಸೆಯ ಪಾಲಾಯಿತು. ಕೆಲವು ವಸ್ತುಗಳು ಸೇನ್ ನದಿಯಲ್ಲಿ ದೊರೆತವು. ಜೇನುನೊಣಗಳಲ್ಲಿ ಉಳಿದವು ಎರಡೇ! ಉಂಗುರವು ಮರಳಿ ಬರಲೇ ಇಲ್ಲ. ಮೊದಲೇ ತೆಗೆದಿದ್ದ ಅಚ್ಚುಗಳಿಂದಲೂ ಷಿಫ್ಲೆಯ ಚಿತ್ರಗಳಿಂದಲೂ ಮಾತ್ರ ಅದರ ರೂಪ ಇಂದು ನಮಗೆ ಗೋಚರಿಸುತ್ತದೆ.

ಚಿಲ್ಡೆರಿಕನ ಸಮಾಧಿಯಲ್ಲಿದ್ದುದು ರೋಮನ್ ಚಕ್ರವರ್ತಿಗಳ ನಾಣ್ಯಗಳು. ಫ್ರಾಂಕರೇ ಟಂಕಿಸಿದ ನಾಣ್ಯಗಳ ಪಡಿಯಚ್ಚುಗಳೂ ಇಂದು ಸಿದ್ಧವಾಗುತ್ತಿವೆ. ಷಾರ್ಲ್‌ಮೇನ್ ಚಕ್ರವರ್ತಿಯ ಬೆಳ್ಳಿಯ ದಿನಾರನ್ನು ನೋಡಿ: ತೂಕ ಎರಡು ಗ್ರಾಮಿಗೂ ಕಡಿಮೆ, 240 ದಿನಾರುಗಳಿಗೆ ಒಂದು ಪೌಂಡು. ಅವನ ಮುಖವುಳ್ಳ ಅಸಲು ನಾಣ್ಯಗಳು ಅತ್ಯಂತ ವಿರಳ. ಅವುಗಳನ್ನು ಕೈಗೆ ಕೊಡುವವರು ಯಾರು? ಪಡಿಯಚ್ಚನ್ನಾದರೋ ಶಾಲೆಯ ಬಾಲಕನೂ ತಿರುಗಿಸಿ ನೋಡಬಹುದು. ಫ್ರಾಂಕರ ಈ ಅರಸನು ರೋಮಿನ ಸೀಸರನಂತೆ ತಲೆಗೆ ಎಲೆಮಾಲೆ ಧರಿಸಿದ್ದಾನೆ. ಅವನ ಹೆಬ್ಬಯಕೆ ಏನೆಂಬುದನ್ನು ಆ ಪುಟ್ಟ ಬಿಲ್ಲೆಯೇ ಸಾರುತ್ತದೆ.

ಆದರೆ ಇಲ್ಲೊಂದು ಅಪಾಯವುಂಟು. ಇದೇ ಪಡಿಯಚ್ಚನ್ನು ಹಳೆಯ ನಾಣ್ಯವೆಂದು ಮಾರುವವರೂ ಇದ್ದಾರೆ. ಅದಕ್ಕೆಂದೇ ಅಮೆರಿಕದಲ್ಲಿ 1973ರ ಕಾಯಿದೆಯು ಇಂಥ ಬಿಲ್ಲೆಗಳ ಮೇಲೆ ‘ಕಾಪಿ’ ಎಂಬ ಪದವನ್ನು ಒತ್ತಬೇಕೆಂದು ವಿಧಿಸಿತು. ತಾನು ನಕಲೆಂದು ಒಪ್ಪಿಕೊಳ್ಳುವ ಆ ಪದವೇ ಪಡಿಯಚ್ಚಿನ ಮಾನವನ್ನು ಕಾಯುತ್ತದೆ.