ನೋಯದ ಕಾಲನ್ನೇ ನೋಡಬೇಕು



ಬೇಸಿಗೆ ಬಂತೆಂದರೆ ಲಾಸ್ ಗ್ಯಾಟೋಸ್‌ನ ನಮ್ಮ ಮನೆಗಳಿಗೆ ಊರಿನಿಂದ ಅಜ್ಜಿ-ತಾತ ಬರುತ್ತಾರೆ. ಎಷ್ಟೋ ಜನರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಸಕ್ಕರೆ ಕಾಯಿಲೆಯ ಮಾತ್ರೆಯೂ ಇರುತ್ತದೆ. "ಶುಗರ್ ಎಷ್ಟಿದೆ?" ಎಂದು ಎಲ್ಲರೂ ಕೇಳುತ್ತೇವೆ. ಅವರ ಪಾದ ನೋಡುವವರು ಕಡಿಮೆ.

ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರಗಳು ಸೊರಗುತ್ತವೆ, ರಕ್ತ ಸಂಚಾರವೂ ಕುಗ್ಗಬಹುದು. ಆಗ ಚಪ್ಪಲಿಯೊಳಗೆ ಕಲ್ಲು ಸೇರಿದರೂ, ದೇವಸ್ಥಾನದ ಅಂಗಳದ ಕಾದ ನೆಲ ಸುಟ್ಟರೂ ಗೊತ್ತಾಗುವುದಿಲ್ಲ. ಗಾಯ ಹುಣ್ಣಾಗಿ ಸೋಂಕು ಮೂಳೆಗಿಳಿದರೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದೀತು.

ಈ ತಿಳಿವಳಿಕೆಗೆ ನಮ್ಮ ದಕ್ಷಿಣ ಭಾರತದ ನಂಟಿದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ಅವರ ಹುಣ್ಣುಗಳಿಗೆ ಮುಖ್ಯ ಕಾರಣ ಅರಿವಿಗೆ ಬಾರದ ಪೆಟ್ಟುಗಳು ಎಂದು ಕಂಡುಕೊಂಡರು. 1966ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ಗೆ ಬಂದ ಮೇಲೆ ಅದೇ ಪಾಠವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ನೋವು ನಮ್ಮ ಕಾವಲುಗಾರ. ಅದು ಮಲಗಿದರೆ ಕಣ್ಣು ಕಾವಲು ಕಾಯಬೇಕು.

ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದು ನಿಮಗೆ ಗೊತ್ತೇ ಇದೆ. ಹಾಗೆಯೇ ಮುಟ್ಟಿ ಮಾಡುವ ಸುಲಭ ಪರೀಕ್ಷೆಯೊಂದಿದೆ, ಹೆಸರು 'ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ'. ಅಜ್ಜಿಗೆ ಕಣ್ಣು ಮುಚ್ಚಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಉಳಿದದ್ದು ದಿನದ ಅಭ್ಯಾಸ. ಅಂಗಾಲು, ಬೆರಳ ಸಂದುಗಳನ್ನು ನೋಡುವುದು. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಡುವುದು. ತೊಳೆದು ಸಂದುಗಳನ್ನು ಒಣಗಿಸುವುದು. ಮನೆಯೊಳಗೂ ಚಪ್ಪಲಿ ಹಾಕುವುದು, ಹಾಕುವ ಮೊದಲು ಒಳಗೆ ಕೈಯಾಡಿಸುವುದು. ಬಿಸಿನೀರಿನ ಚೀಲ ಬೇಡ. ಆಣಿಯನ್ನು ಬ್ಲೇಡಿನಿಂದ ಕೆರೆಯುವುದು ಬೇಡವೇ ಬೇಡ. ಹುಣ್ಣು, ಕೆಂಪು, ಊತ, ವಾಸನೆ ಕಂಡರೆ ನೋವಿಲ್ಲದಿದ್ದರೂ ಅಂದೇ ವೈದ್ಯರಿಗೆ ಫೋನ್ ಮಾಡಿ.

ಇದನ್ನೆಲ್ಲ ರೋಗಿಗೆ ಕಲಿಸುವ ಕೆಲಸ ಬಹುಮಟ್ಟಿಗೆ ನರ್ಸ್‌ಗಳದು. ಒಳ್ಳೆಯ ನರ್ಸ್ "ಅರ್ಥವಾಯಿತೇ?" ಎಂದು ಕೇಳಿ ಸುಮ್ಮನಾಗುವುದಿಲ್ಲ, ಏಕೆಂದರೆ ನಮ್ಮ ಹಿರಿಯರು ಸಂಕೋಚಕ್ಕೆ ತಲೆಯಾಡಿಸಿಬಿಡುತ್ತಾರೆ. "ಮನೆಯಲ್ಲಿ ಹೇಗೆ ಮಾಡುತ್ತೀರಿ, ತೋರಿಸಿ" ಎನ್ನುತ್ತಾರೆ. ಇದನ್ನು ನರ್ಸಿಂಗ್ ಶಿಕ್ಷಣದಲ್ಲೇ ಕಲಿಸುತ್ತಾರೆ, ನೀವೂ ಕಲಿಯಬಹುದು.

ಅದಕ್ಕೆ ನಿಮ್ಮ ಕನ್ನಡ ಬೇಕು. ಅಜ್ಜಿ "ನಂಬ್‌ನೆಸ್" ಎನ್ನುವುದಿಲ್ಲ. "ಜೋಮು ಹಿಡಿದಿದೆ", "ಮರಗಟ್ಟಿದೆ", "ಇರುವೆ ಹರಿದ ಹಾಗಿದೆ" ಎನ್ನುತ್ತಾರೆ. ಈ ಮೂರು ಮಾತು ಕಿವಿಗೆ ಬಿದ್ದರೆ ಫೋನ್ ಕೆಳಗಿಟ್ಟು ಅವರ ಪಾದ ನೋಡಿ. ಊರಲ್ಲಿದ್ದರೆ ವಿಡಿಯೊ ಕರೆಯಲ್ಲಿ ಹೇಳಿ: "ಅಜ್ಜಿ, ಮುಖ ನೋಡಿದ್ದಾಯಿತು, ಈಗ ಕಾಲು ತೋರಿಸಿ."