ಮದುವೆಯೊಂದು ಕಟ್ಟಿದ ಸೇನೆ

ಮುಂಬೈನ ಕೊಲಾಬಾದಲ್ಲಿ, ತಾಜ್ ಹೋಟೆಲಿನ ಹಿಂಬದಿಗೆ, ಕಡಿಮೆ ದುಡ್ಡಿನ ಪ್ರವಾಸಿಗರು ಹುಡುಕಿಕೊಂಡು ಹೋಗುವ ರೆಡ್ ಶೀಲ್ಡ್ ವಸತಿಗೃಹವಿದೆ. ನಾಗರಕೋಯಿಲಿನಲ್ಲಿ ಕ್ಯಾಥರಿನ್ ಬೂತ್ ಹೆಸರಿನ ಆಸ್ಪತ್ರೆಯಿದೆ. ಎರಡೂ ಸಾಲ್ವೇಶನ್ ಆರ್ಮಿಗೆ ಸೇರಿದವು. ಸಮವಸ್ತ್ರ, ಬ್ಯಾಂಡು, ಬಾವುಟ, ಕ್ಯಾಪ್ಟನ್, ಮೇಜರ್ ಎಲ್ಲ ಇರುವ ಈ ಸೇನೆ ಅಸಲಿಗೆ ಒಂದು ಚರ್ಚು. ಇಲ್ಲಿ ಪಾದ್ರಿಗೆ ಆಫೀಸರ್ ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ತರಬೇತಿ ಪಡೆದು ಆಫೀಸರ್ ಆಗಿ, ಜೊತೆಯಾಗಿ ಸಭೆ ನಡೆಸುವುದು ವಾಡಿಕೆ. ಈ ವಾಡಿಕೆಯ ಮೂಲ ಸ್ಥಾಪಕರ ಸಂಸಾರದಲ್ಲೇ ಇದೆ.

ವಿಲಿಯಂ ಬೂತ್ ಮತ್ತು ಕ್ಯಾಥರಿನ್ ಮಮ್‌ಫರ್ಡ್ ಇಬ್ಬರೂ ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನಲ್ಲಿ. ನಾಟಿಂಗ್‌ಹ್ಯಾಮಿನ ವಿಲಿಯಂ ಎಳೆಯ ವಯಸ್ಸಿನಲ್ಲೇ ಗಿರವಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಬಡತನ ಮನುಷ್ಯರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ದಿನವೂ ಕಂಡ. ಕ್ಯಾಥರಿನ್‌ಗೆ ಬಾಲ್ಯದಿಂದಲೂ ಕಾಯಿಲೆ. ಹಾಸಿಗೆ ಹಿಡಿದ ದಿನಗಳನ್ನು ಧರ್ಮಶಾಸ್ತ್ರ ಓದಿ ಕಳೆದಳು. ಹೆಣ್ಣಿಗೆ ಹೃದಯ ಹೆಚ್ಚು, ಗಂಡಿಗೆ ಬುದ್ಧಿ ಹೆಚ್ಚು ಎಂಬ ಆ ಕಾಲದ ನಂಬಿಕೆ ವಿಲಿಯಂನಲ್ಲೂ ಇತ್ತು. ಅದನ್ನು ಆಕೆ ಮದುವೆಗೆ ಮುಂಚೆಯೇ ಪತ್ರ ಬರೆದು ಪ್ರಶ್ನಿಸಿದಳು. 1855ರಲ್ಲಿ ಮದುವೆಯಾಯಿತು.

1859ರಲ್ಲಿ ಅಮೆರಿಕದ ಫೀಬಿ ಪಾಮರ್ ಇಂಗ್ಲೆಂಡಿನಲ್ಲಿ ಪ್ರವಚನ ಮಾಡಿದಾಗ, ಹೆಂಗಸು ಬೋಧಿಸಬಾರದೆಂದು ಪಾದ್ರಿಯೊಬ್ಬ ಆಕ್ಷೇಪ ತೆಗೆದ. ಕ್ಯಾಥರಿನ್ ಕಿರುಹೊತ್ತಗೆಯನ್ನೇ ಬರೆದು ಬೈಬಲಿನ ಆಧಾರದಿಂದಲೇ ಉತ್ತರಿಸಿದಳು. ಆದರೆ ಸ್ವತಃ ಎದ್ದು ನಿಂತು ಮಾತಾಡಲು ಸಂಕೋಚ. 1860ರ ಪೆಂತೆಕೋಸ್ತ್ ಭಾನುವಾರ ಗೇಟ್ಸ್‌ಹೆಡ್‌ನ ಬೆಥೆಸ್ಡಾ ಚಾಪೆಲಿನಲ್ಲಿ, ಅಷ್ಟರಲ್ಲಿ ಪಾದ್ರಿಯಾಗಿದ್ದ ಗಂಡನ ಪ್ರವಚನ ಮುಗಿಯುತ್ತಲೇ ಮುಂದೆ ನಡೆದು, ತಾನೂ ನಾಲ್ಕು ಮಾತು ಆಡಬೇಕೆಂದಳು. ಅಂದು ಸಂಜೆಯ ಪ್ರವಚನವೂ ಆಕೆಯದೇ ಎಂದು ವಿಲಿಯಂ ಅಲ್ಲೇ ಸಾರಿಬಿಟ್ಟ.

1865ರಲ್ಲಿ ದಂಪತಿ ಲಂಡನ್ನಿಗೆ ಬಂದರು. ವಿಲಿಯಂ ಪೂರ್ವ ಲಂಡನ್ನಿನ ಹೆಂಡದಂಗಡಿಗಳ ಮುಂದೆ, ಬಯಲಲ್ಲಿ, ಗುಡಾರದಲ್ಲಿ ಬಡವರಿಗೆ ಬೋಧಿಸಿದರೆ, ಕ್ಯಾಥರಿನ್ ಪಶ್ಚಿಮದ ಉಳ್ಳವರ ನಡುವೆ ಮಾತಾಡಿ ಬೆಂಬಲ ಕೂಡಿಸಿದಳು. ಜೊತೆಗೆ ಎಂಟು ಮಕ್ಕಳನ್ನು ಸಾಕಿದಳು. ಹೀಗೆ ಶುರುವಾದ ಮಿಷನ್ನಿಗೆ 1878ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಹೆಸರು ಬಂತು. ಸೇನೆಯ ಬಾವುಟ ಮತ್ತು ಹೆಂಗಸರ ಬಾನೆಟ್ ಟೋಪಿಯ ವಿನ್ಯಾಸದಲ್ಲೂ ಕ್ಯಾಥರಿನ್‌ಳ ಪಾಲಿತ್ತು.

1890ರಲ್ಲಿ ಆಕೆ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ತಿಂಗಳು ವಿಲಿಯಂನ 'ಇನ್ ಡಾರ್ಕೆಸ್ಟ್ ಇಂಗ್ಲೆಂಡ್' ಪುಸ್ತಕ ಹೊರಬಂತು. ಲಂಡನ್ನಿನ ಜಟಕಾ ಕುದುರೆ ಬಿದ್ದರೆ ಎಬ್ಬಿಸುವವರಿದ್ದಾರೆ, ಅದಕ್ಕೆ ಮೇವು, ಕೊಟ್ಟಿಗೆ, ಕೆಲಸ ಮೂರೂ ಉಂಟು. ಮನುಷ್ಯನಿಗೆ ಅಷ್ಟಾದರೂ ಬೇಡವೇ ಎಂಬುದು ಅದರ ವಾದ. ಬರೆದದ್ದು ಕಾಗದದಲ್ಲೇ ಉಳಿಯಲಿಲ್ಲ. ಬಿಳಿ ರಂಜಕದ ಹೊಗೆಗೆ ಬೆಂಕಿಕಡ್ಡಿ ಕಾರ್ಖಾನೆಯ ಹೆಂಗಸರ ದವಡೆಮೂಳೆ ಕೊಳೆಯುತ್ತಿದ್ದ ಕಾಲ ಅದು. 1891ರಲ್ಲಿ ಸೇನೆ ಅಪಾಯವಿಲ್ಲದ ಕೆಂಪು ರಂಜಕ ಬಳಸುವ ತನ್ನದೇ ಕಾರ್ಖಾನೆ ತೆರೆದು, ಹೆಚ್ಚು ಕೂಲಿ ಕೊಟ್ಟಿತು. ಬಿಳಿ ರಂಜಕವನ್ನು ನಿಷೇಧಿಸುವ ಬ್ರಿಟಿಷ್ ಕಾಯ್ದೆ ಬಂದದ್ದು 1908ರಲ್ಲಿ.

ಭಾರತಕ್ಕೆ ಈ ಸೇನೆಯನ್ನು ಕರೆತಂದವ ಫ್ರೆಡರಿಕ್ ಟಕರ್. ಐಸಿಎಸ್ ಹುದ್ದೆ ಬಿಟ್ಟು, 1882ರಲ್ಲಿ ಮೂವರೊಡನೆ ಮುಂಬೈಯಲ್ಲಿ ಇಳಿದ. ಕಾವಿ ಉಟ್ಟು, ಬರಿಗಾಲಲ್ಲಿ ನಡೆದು, ಫಕೀರ್ ಸಿಂಗ್ ಎಂದು ಹೆಸರಿಟ್ಟುಕೊಂಡ. ಬೂತ್ ದಂಪತಿಯ ಮಗಳು ಎಮ್ಮಾಳನ್ನು ಮದುವೆಯಾದ ಮೇಲೆ ಬೂತ್-ಟಕರ್ ಆದ. ಬೂತ್ ಮನೆಯ ಮೂವರು ಅಳಿಯಂದಿರೂ ಹೀಗೆ ಹೆಂಡತಿಯ ಮನೆತನದ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡವರೇ.

ಆದರೂ ಸೇನೆಯೊಳಗೆ ಗಂಡ ಹೆಂಡತಿಯ ಸಮಾನತೆಯ ಲೆಕ್ಕ ಪೂರ್ತಿ ಸರಿಹೋಗಲಿಲ್ಲ. ಹೆಂಡತಿಗೂ ಪದವಿಯುಂಟು, ಪ್ರವಚನದ ಹಕ್ಕುಂಟು. ವರ್ಗಾವಣೆ ಮಾತ್ರ ಬಹುಕಾಲ ಗಂಡನ ಹುದ್ದೆಯನ್ನು ನೋಡಿಕೊಂಡೇ ಆಗುತ್ತಿತ್ತು. ಸೇನೆಯ ಅತ್ಯುನ್ನತ ಹುದ್ದೆಯಾದ ಜನರಲ್ ಸ್ಥಾನಕ್ಕೆ ಈವರೆಗೆ ಮೂವರು ಮಹಿಳೆಯರು ಏರಿದ್ದಾರೆ: 1934ರಲ್ಲಿ ಬೂತ್ ದಂಪತಿಯ ಮಗಳೇ ಆದ ಇವ್ಯಾಂಜಲಿನ್, 1986ರಲ್ಲಿ ಇವಾ ಬರೋಸ್, 2011ರಲ್ಲಿ ಲಿಂಡಾ ಬಾಂಡ್. ಮೂವರೂ ಅವಿವಾಹಿತೆಯರು. ಒಂದು ದಾಂಪತ್ಯದಿಂದ ರೂಪ ಪಡೆದ ಈ ಸಂಸ್ಥೆಯಲ್ಲಿ ಕ್ಯಾಥರಿನ್‌ಳಂತೆ ಸಂಸಾರಸ್ಥೆಯಾದ ಹೆಣ್ಣೊಬ್ಬಳು ಇನ್ನೂ ಜನರಲ್ ಆಗಿಲ್ಲ.